ಹಾಯಾ ಎಂಬ ಹೆಸರು

ಷಾವ್ಲಿ, ೧೮೯೩, ಕಿಸ್ಲೇವ್ ಮಾಸ, ಮಂಗಳವಾರ

ಮಗಳು ಪೆಸ್ಯಾಳನ್ನು ಮಣ್ಣು ಮಾಡಿ ಬಂದೆವು. ಗಂಟಲಮಾರಿ ಬಿಗಿದಾಗ ನಮ್ಮ ಧರ್ಮಗುರು ರಬ್ಬಿ ಅವಳ ಹೆಸರನ್ನು ಹಾಯಾ ಎಂದು ಬದಲಿಸಿದ್ದರು. ಹೀಬ್ರೂವಿನಲ್ಲಿ ಹಾಗೆಂದರೆ ಜೀವವುಳ್ಳವಳು. ಪೆಸ್ಯಾಳನ್ನು ಹುಡುಕಿ ಬಂದ ಮೃತ್ಯುದೂತ ದಾರಿ ತಪ್ಪಲಿ ಎಂದು. ಬೀದಿಯಲ್ಲಿ ಕಾಯಿಲೆ ಬಿದ್ದ ಹೆಣ್ಣುಮಕ್ಕಳೆಲ್ಲ ಈಗ ಹಾಯಾಗಳೇ.

"ಒಬ್ಬಳನ್ನ ಕರೆದ್ರೆ ಬೀದಿಗೆ ಬೀದೀನೇ ಓಗೊಡುತ್ತೆ," ಎಂದು ಪಕ್ಕದ ಮನೆಯ ಬ್ರೈನಾ ಅಳುತ್ತಲೇ ನಕ್ಕಿದ್ದಳು. ಅವಳ ಮಗಳಿಗೂ ಅದೇ ಹೆಸರು.

ನಮ್ಮವಳಿಗೆ ಆ ಹೆಸರಿನ ಗುರುತೇ ಹತ್ತಲಿಲ್ಲ. ಎಷ್ಟು ಕರೆದರೂ ಕಣ್ಣು ತೆರೆಯಲಿಲ್ಲ.

ಗುಂಡಿ ಮುಚ್ಚಿದವನು, "ಗೋರಿ ಹಲಗೆ ಮೇಲೆ ಹಾಯಾ ಅಂತ ತಾನೆ?" ಎಂದು ಕೇಳಿದ. ನನ್ನ ಹೆಂಡತಿ ಮಿರ್ಲ್ ಮುಂದೆ ಬಂದಳು.

"ಬೇಡಪ್ಪಾ, ಪೆಸ್ಯಾ ಅಂತಲೇ ಬರಿ. ಹಾಯಾ ಸತ್ತಳು ಅಂತ ಬರೀಬೇಡ. ಬ್ರೈನಾ ಮಗು ಇನ್ನೂ ಉಸಿರಾಡ್ತಿದೆ."

ಈಗ ಮಿರ್ಲ್ ಗೋಡೆಗೆ ಕಿವಿಯಿಟ್ಟು ಕೂತಿದ್ದಾಳೆ. ಆಚೆ ಆ ಮಗು ಕೆಮ್ಮುತ್ತಿದೆ. ಕೆಮ್ಮಲಿ, ಕೆಮ್ಮುತ್ತಲೇ ಇರಲಿ.