ಸಪ್ಪಳಿಲ್ಲದ ಗಾಡಿ

ವಾಡಿ, ನಾಗಪುರ
೨೧-೮-೧೯೯೮, ಶುಕ್ರವಾರ

ಸೌಭಾಗ್ಯವತಿ ಲಲಿತಾಬಾಯಿಗೆ ನಿನ್ನ ಯಜಮಾನ ನೀಲಕಂಠಪ್ಪ ಮಾಡುವ ಆಶೀರ್ವಾದಗಳು.

ನಿನ್ನ ಮೊಣಕಾಲು ನೋವು ಹ್ಯಾಂಗೈತಿ? ಗದಗಿನ್ಯಾಗ ನಿಮ್ಮವ್ವ ಈಗ ಹಾಸಿಗಿ ಬಿಟ್ಟು ಎದ್ದು ಕೂಡತಾಳೋ ಇಲ್ಲೋ? ನನ್ನದೇನು ಕೇಳತಿ, ನಾನಽ ಅನ್ನ ಮಾಡಕೋತೀನಿ, ನಾನಽ ಹೊತ್ತಸ್ಕೋತೀನಿ. ಹತ್ತು ದಿನಕ್ಕ ಬರತೇನಿ ಅಂತ ಹೋದಾಕಿ, ಒಂದೂವರಿ ತಿಂಗಳಾತು. ಒಂದು ಕಾಗದ ಇಲ್ಲ. ಆ ಸಿಟ್ಟಿಗೆ ನಾನೂ ಬರದಿದ್ದಿಲ್ಲ. ಇವತ್ತು ಬರಿಯೂ ಪಾಳಿ ಬಂತು. ನಾಕನೇ ಇಯತ್ತಾಕ್ಕ ಸಾಲಿ ಬಿಟ್ಟವನ ಅಕ್ಷರ, ಸಾವಕಾಶ ಓದು.

ನಮ್ಮ ಗೋಡೌನಿಗೆ ಪೆಟ್ಟಿಗಿ ಎತ್ತಿ ಇಡೂ ಹೊಸಾ ಗಾಡಿ, ಬ್ಯಾಟರಿ ಮ್ಯಾಲೆ ನಡಿಯೂ ಫೋರ್ಕ್‌ಲಿಫ್ಟ್ ಬಂದೈತಿ. ಇಪ್ಪತ್ತೆರಡು ವರ್ಷ ಡೀಸೆಲ್ ಗಾಡಿ ಹೊಡದವ ನೀನಽ, ಎರಡನ್ನೂ ಹದಿನೈದು ದಿನ ನೋಡಿ ಯಾವುದು ಚಲೋ ಹೇಳು, ಅಂಥಾವ ಇನ್ನೂ ನಾಕು ತರಸೋಣು ಅಂದ್ರು ಸಾಹೇಬರು. ನೋಡಿದೆ. ಡೀಸೆಲ್ ಗಾಡಿ ಅಂದ್ರ ಕೋಣ. ಐದು ನಿಮಿಷದಾಗ ಎಣ್ಣಿ ಕುಡಿಸಿಬಿಟ್ರ ದಿನಾಪೂರ್ತಿ ದುಡಿತೈತಿ, ಕೆಸರು ಅನ್ನೂದಿಲ್ಲ, ಏರು ಅನ್ನೂದಿಲ್ಲ. ಬ್ಯಾಟರಿದಕ್ಕ ಎಂಟು ತಾಸು ಚಾರ್ಜ್ ಬೇಕು, ಬಾಟಲಿ ನೀರು ಹಾಕಬೇಕು, ಮಳಿಯಾಗ ಅಂಗಳಕ್ಕ ಇಳಸೂ ಹಂಗಿಲ್ಲ. ಹೊಸಾ ಅಳಿಯನ ಉಪಚಾರ ಅದಕ್ಕ. ಖರೇ ಹೇಳಬೇಕಂದ್ರ ಹೊಗಿ ಇಲ್ಲ. ಹೋದ ವರ್ಷ ಚಹಾಪುಡಿ ಪೆಟ್ಟಿಗಿ ಡೀಸೆಲ್ ನಾರತಾವ ಅಂತ ವಾಪಸ್ ಬಂದಿದ್ದುವಲ್ಲ, ಆ ತ್ರಾಸು ಇಲ್ಲ. ನಿನಗೂ ನನ್ನ ಅಂಗಿ ಬ್ಯಾರೆ ಬಕೆಟಿನ್ಯಾಗ ತೊಯ್ಸೂದು ತಪ್ಪತಿತ್ತು. ಆದ್ರೂ ನಾ ಸಾಹೇಬರಿಗೆ ಕಡ್ಡಿ ಮುರದಂಗ ಹೇಳಿಬಿಟ್ಟೆ, ಇದು ಬ್ಯಾಡರಿ ಅಂತ. ಯಾಕಂದ್ರ ಅದಕ್ಕ ಸಪ್ಪಳಽ ಇಲ್ಲ. ಡೀಸೆಲ್ ಬರೂದು ಮೂರು ಗ್ವಾಡಿ ಆಚೆ ಗೊತ್ತಾಗತೈತಿ. ಇದು ಬೆಕ್ಕಿನಂಗ ಬಂದು ಒಂದಿನ ಯಾರನ್ನರೆ ಕೊಲ್ಲತೈತಿ ಅಂದೆ.

ಬುಧವಾರ ನನ್ನನ್ನಽ ಕೊಲ್ಲತಿತ್ತು. ಪೆಟ್ಟಿಗಿ ಮ್ಯಾಲಿನ ನಂಬರ ಓದಕೋತ ನಿಂತಿದ್ದೆ, ಹಮಾಲ ಒಬ್ಬಾಂವ ರಟ್ಟಿ ಹಿಡದು ಜಗ್ಗಿದ. ತಿರುಗಿ ನೋಡತೇನಿ, ಗೇಣು ದೂರಕ್ಕ ಗಾಡಿ ಬೆನ್ನು. ಮ್ಯಾಲೆ ಕುಂತಾಂವ ನಮ್ಮ ರೋಣದ ಕಡಿ ಹುಡುಗ ಕಲ್ಲೇಶ. ಅವನ ಕೊಳ್ಳಪಟ್ಟಿ ಹಿಡದೆ, ಬಾಯಿಗೆ ಬಂದದ್ದು ಬೈದೆ. ಸಪ್ಪಳಿಲ್ಲದ ಗಾಡಿ ಹಿಂದಕ್ಕ ತರೂಮುಂದ ಒದರಬಾರದೇನೋ ಅಂತ ಕೇಳಿದೆ. ಅಂವ ಮಾರಿ ಸಣ್ಣದು ಮಾಡಿ ನನ್ನ ಕಿವಿ ಹತ್ತಿರ ಬಂದು ಅಂದ: "ಕಾಕಾ, ರಿವರ್ಸ್ ಹಾಕಿದ್ರ ಗಾಡಿನಽ ಪೀಂ ಪೀಂ ಅಂತೈತ್ರಿ. ಈಗೂ ಅನ್ನಾಕತ್ತೈತಿ." ಸುತ್ತ ನಿಂತ ಹಮಾಲರು ಗಾಡಿ ನೋಡವಲ್ರು, ನನ್ನಽ ನೋಡಾಕತ್ತಿದ್ರು. ಸುಳ್ಳು ಹೇಳತಾನ ಅಂತ ಬಂದ್ ಮಾಡಸಿದೆ, ಮತ್ತ ಹಾಕಿಸಿದೆ. ಬಾಗಲಾಗ ಒಂದು ನಾಯಿ ಮಲಗಿತ್ತು. ಹಾಕಿದಾಗ ಅದರ ಕಿವಿ ನಿಗರಿದ್ವು, ಬಂದ್ ಮಾಡಿದಾಗ ಇಳದ್ವು. ಮೂರು ಸಲ ಹಾಕಿಸಿದೆ. ಮೂರೂ ಸಲ ನಾಯಿಗೆ ಕೇಳಿತು, ನನಗ ಇಲ್ಲ.

ಮರುದಿನ ಕಿವಿ ಡಾಕ್ಟರ ಕಡೆ ಹೋದೆ. ಇಪ್ಪತ್ತೆರಡು ವರ್ಷ ಡೀಸೆಲ್ ಗಾಡಿ ಗದ್ದಲಕ್ಕ ಕಿವಿ ಸವದಾವ, ದಪ್ಪ ದನಿ ಉಳದಾವ, ಸಣ್ಣ ದನಿ ಹೋಗ್ಯಾವ, ಹೋದದ್ದು ವಾಪಸ್ ಬರೂದಿಲ್ಲ ಅಂದ್ರು. ಅದಕ್ಕಽ ಕೋಣ ಕೇಳತೈತಿ, ಸಾಹೇಬರ ಬೈಗಳ ಬರೋಬರ್ ಕೇಳತಾವ. ನಿನ್ನ ದನಿ ಮೊದಲಽ ಸಣ್ಣದು. ಎರಡು ವರ್ಷದಿಂದ ನೀ ಮಾತು ಕಡಿಮಿ ಮಾಡೀದಿ, ವಯಸ್ಸಿಗೆ ಬಾಯಿ ಹದಕ್ಕ ಬಂತು ಅಂತ ನಾ ಒಳಗೊಳಗ ಖುಷಿ ಆಗಿದ್ದೆ. ಒಮ್ಮೆ ನೀ ಜೋರಾಗಿ "ಗ್ವಾಡಿಗೆ ಹೇಳಿದಂಗ ಆತು" ಅಂದಿದ್ದಿ. ಅದೊಂದು ಕೇಳಿತ್ತು, ಅದಕ್ಕೂ ಸಿಟ್ಟು ಮಾಡಿದ್ದೆ.

ಸಾಹೇಬರ ಕಡೆ ಹೋಗಿ ನನ್ನ ಮಾತು ಹಿಂದಕ್ಕ ತಗೊಂಡೆ. ಅಂಗಳಕ್ಕ ಡೀಸೆಲ್ ಇರ್ಲಿ, ಒಳಗ ಎಲ್ಲಾ ಬ್ಯಾಟರಿದಽ ತರಸ್ರಿ, ಕಲ್ಲೇಶನ ಕಿವಿನರೆ ಉಳೀಲಿ ಅಂದೆ. ನನ್ನನ್ನ ಗಾಡಿಯಿಂದ ಇಳಿಸಿ ಗೇಟಿನ್ಯಾಗ ಚೀಟಿ ಹರಿಯಾಕ ಕೂಡಿಸ್ಯಾರ. ನಿಮ್ಮವ್ವಗ ನನ್ನ ನಮಸ್ಕಾರ ಹೇಳು. ಮೊಣಕಾಲಿಗೆ ಎಣ್ಣಿ ತಿಕ್ಕೋ.

ಇಂತಿ,
ನೀಲಕಂಠಪ್ಪ

ತಾ.ಕ.: ಕಾಗದ ಮಡಚಿ ಮತ್ತ ಬಿಚ್ಚೇನಿ. ನೀ ಗದಗಿಗೆ ಹೊಂಟ ದಿನ, ರೈಲು ಬಿಡೂ ಹೊತ್ತಿಗೆ ಕಿಡಕಿ ಸರಳು ಹಿಡಕೊಂಡು ಏನೋ ಕೇಳಿದಿ. ನಾ ಹೂಂ ಹೂಂ ಅಂದೆ. ನೀ ಮಾರಿ ಆ ಕಡೆ ತಿರುವಿದಿ. ನನಗ ಒಂದಕ್ಷರ ಕೇಳಿದ್ದಿಲ್ಲ. ಏನು ಕೇಳಿದ್ದಿ, ಬರದು ತಿಳಸು. ಅಲ್ಲೇ ಇದ್ದುಬಿಡಲೇನು ಅಂತ ಕೇಳಿದ್ದಿ ಅಂದ್ರ, ಆ ಹೂಂ ನಂದಲ್ಲ.