ಹೂಂಗುಟ್ಟದೆ ಕೇಳುವುದು ಹೇಗೆ?

೨೧೭೩ನೇ ಇಸವಿ, ಫೆಬ್ರವರಿ ಮೂವತ್ತು

ಪಲ್ಲವಿ, ಮೊದಲು ನೆಟ್ಟಗೆ ಕೂಡು. ಪ್ಯಾಸೇಜು ಓದದೆ ಪ್ರಶ್ನೆ ನೋಡಿ ಉತ್ತರ ಹೆಕ್ಕುವ ಕಳ್ಳಾಟ ಸಾಕು. ಕಿವಿಯಲ್ಲಿ ಇಂಗ್ಲಿಷ್ ಪಾಠ ಓಡುತ್ತಿದೆ, ಕಣ್ಣು ಫೋನಿನಲ್ಲಿ ಸೀರೆ ಆರಿಸುತ್ತಿದೆ. ಇದಕ್ಕೆ ಅಭ್ಯಾಸ ಅನ್ನುತ್ತಾರೇನು? ನಿನ್ನ ಆಟವೆಲ್ಲ ನನ್ನ ಅಜ್ಜಿ ಹೇಳಿದ್ದಾಳೆ. ನೀನು ನನ್ನ ಅಜ್ಜಿಯ ಅಜ್ಜಿ, ನಿಜ. ಆದರೆ ಈ ಕಾಗದ ಕಾಲದಲ್ಲಿ ಹಿಂದಕ್ಕೆ ಹೋಗಿ ನಿನ್ನನ್ನು ಮುಟ್ಟುವಾಗ ನಿನಗೆ ಹತ್ತೊಂಬತ್ತು, ನನಗೆ ಎಂಬತ್ತು. ಬೈಯುವ ಹಕ್ಕು ನನ್ನದು.

ತಾರೀಖು ನೋಡಿ ಗಾಬರಿಯಾಗಬೇಡ. ಬಿಸಿಲು ತಡೆಯಲಾರದೆ ಮೇ ತಿಂಗಳಿನ ಕೆಲವು ದಿನ ಕಿತ್ತು ಫೆಬ್ರವರಿಗೆ ಜೋಡಿಸಿದ್ದಾರೆ. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟ ನನ್ನ ಮಾತು ವಿಚಿತ್ರ ಅನ್ನಿಸಿದರೆ ಸೈರಿಸಿಕೋ.

ಇಲ್ಲಿ ಎಲ್ಲರ ಕಿವಿಯಲ್ಲೂ ಕಿವಿಗುಬ್ಬಿ ಇರುತ್ತದೆ. ಅಲಸಂದೆ ಕಾಳಿನಷ್ಟು ಯಂತ್ರ. ಯಾವ ದೇಶದವರು ಏನೇ ಅಂದರೂ ನಮ್ಮ ಮಾತಿನಲ್ಲಿ ಉಲಿಯುತ್ತದೆ. ಆದ್ದರಿಂದ ಯಾರೂ ಇಂಗ್ಲಿಷ್ ಕಲಿಯುವುದಿಲ್ಲ. ಆದರೆ ನನ್ನ ಮೊಮ್ಮಗಳು ಮಾಳವ್ವನಿಗೆ ಮೋಡ ಇಳಿಸುವ ಕಾಲೇಜೇ ಬೇಕು. ಸಮುದ್ರದ ಮೇಲಿನ ಮೋಡವನ್ನು ಎಳೆದು ತಂದು ಊರ ಮೇಲೆ ಸುರಿಸುವ ವಿದ್ಯೆ ಅದು. ಮಿಂಚು ಹೊಡೆದಾಗ ಗುಬ್ಬಿ ಸಾಯುತ್ತದೆ. ಆಗ ದೂರದ ಹಡಗಿನವರು ಇಂಗ್ಲಿಷಿನಲ್ಲಿ ಕೂಗಿದ್ದು ಬರಿಗಿವಿಗೆ ತಿಳಿಯಬೇಕು. ಅದಕ್ಕೇ ಪರೀಕ್ಷೆ, ಗುಬ್ಬಿ ತೆಗೆದಿಟ್ಟು.

ಹೋದ ಸಲ ಹುಡುಗಿ ಹೋಗಿ ಕೂತಳು. ಇಂಗ್ಲಿಷ್ ನುಡಿಯುವ ಪೆಟ್ಟಿಗೆಯೊಳಗಿನ ಹೆಂಗಸು ರೈಲು ತಪ್ಪಿಸಿಕೊಂಡ ಯಾರದೋ ಕಥೆ ಶುರು ಮಾಡಿದಳು. ಇವಳು ಹೂಂ ಅಂದಳು. ಹೆಂಗಸು ಮುಂದೆ ಹೇಳಿದಳು, ಇವಳು ಮತ್ತೆ ಹೂಂ. ಯಾರಿಗೋ ಸನ್ನೆ ಕೊಡುತ್ತಿದ್ದಾಳೆಂದು ಹೊರಗೆ ಕಳಿಸಿಬಿಟ್ಟರು. ಮನೆಗೆ ಬಂದ ಮೇಲೆ ನಾನು ಬೈದರೆ ನನಗೇ ತಿರುಗಿಬಿದ್ದಳು: "ಹೂಂ ಅನ್ನದಿದ್ರ ಆಕಿ ಮುಂದ ಹೇಳ್ತಾಳೇನಬೇ ಆಯಿ? ನೀನಽ ನಿಲ್ಲಿಸಿಬಿಡತಿದ್ದಿ!"

ನಿಲ್ಲಿಸುತ್ತಿದ್ದೆ, ಹೌದು. ಈ ಮನೆಯಲ್ಲಿ ಕೇಳುವವರು ಹೂಂಗುಟ್ಟದಿದ್ದರೆ ಹೇಳುವವರು ಕಥೆ ಮುಂದುವರಿಸುವುದಿಲ್ಲ. ಅದು ನಿನ್ನ ಕಾಲಕ್ಕೂ ಹಿಂದಿನ ಪದ್ಧತಿ. ಈಗ ಅದನ್ನು ಬಿಡಿಸಲು ದಿನಾ ಮಧ್ಯಾಹ್ನ ಎದುರು ಕೂಡುತ್ತೇನೆ. ಪೆಟ್ಟಿಗೆ ಹಚ್ಚಿ, ಅವಳ ಬಾಯಿ ತುಂಬ ನೀರು ತುಂಬಿಸುತ್ತೇನೆ. ಹೂಂ ನಿಲ್ಲುತ್ತದೆ, ಜೊತೆಗೆ ಬುದ್ಧಿಯೂ ನಿಲ್ಲುತ್ತದೆ. ಒಂದು ಪ್ರಶ್ನೆಗೂ ಉತ್ತರವಿಲ್ಲ. ನೀರು ಉಗುಳಿ ಹೂಂಗುಟ್ಟುತ್ತ ಕೇಳಿದರೆ ರೈಲು ಯಾಕೆ ತಪ್ಪಿತು, ಅವನು ಯಾರಿಗೆ ಸುಳ್ಳು ಹೇಳಿದ, ಎಲ್ಲ ಹೇಳುತ್ತಾಳೆ. ಓದುವ ಪಾಠಕ್ಕೂ ಅದೇ ಹಾಡು: ಸಾಲಿಗೊಂದು ಹೂಂ. ನನಗಂತೂ ಒಂದಕ್ಷರ ಇಂಗ್ಲಿಷ್ ಬಾರದು, ಸರಿ ತಪ್ಪು ನನ್ನ ಗುಬ್ಬಿಯೇ ಹೇಳಬೇಕು. ತಿಂಗಳುಗಟ್ಟಲೆ ಆ ಪರದೇಶಿ ಹೆಂಗಸಿನ ದನಿ ಕೇಳಿ ಕೇಳಿ ಬೇಸತ್ತಿದ್ದೇನೆ. ಊಟಕ್ಕೆ ಕೂತರೂ ಅವಳೇ ಮಾತಾಡಿದಂತಾಗುತ್ತದೆ, ನನ್ನ ಬಾಯಲ್ಲೂ ಹೂಂ ಬರುತ್ತದೆ.

ಕಡೆಯ ಅವಕಾಶ ಮುಂದಿನ ತಿಂಗಳು. ಅದು ತಪ್ಪಿದರೆ ಆ ಕಾಲೇಜಿನ ಬಾಗಿಲು ಇವಳಿಗೆ ಮುಚ್ಚಿದಂತೆ.

ನೀನೂ ಇದೇ ಮನೆಯಲ್ಲಿ ಹೂಂಗುಟ್ಟಿ ಬೆಳೆದವಳು. ಆದರೂ ಇಂಗ್ಲಿಷ್ ಪರೀಕ್ಷೆ ಮೊದಲ ಸಲಕ್ಕೇ ಪಾಸಾದೆ ಎಂದು ನನ್ನ ಅಜ್ಜಿ ಜಂಬದಿಂದ ಹೇಳುತ್ತಿದ್ದಳು. ಆ ಹೂಂ ಎಲ್ಲಿ ಬಚ್ಚಿಟ್ಟೆ? ನುಂಗಿದೆಯಾ? ಕಾಲ ಹೆಬ್ಬೆರಳಿನಲ್ಲಿ ಅಂದೆಯಾ? ಇನ್ನೂ ಪರೀಕ್ಷೆ ಬರೆದಿಲ್ಲವೆಂದರೆ ಬೇಗ ಬರೆ, ಬರೆದು ಬಂದ ಸಂಜೆಯೇ ನನಗೆ ತಿಳಿಸು.

ಮುಂದಿನ ತಿಂಗಳು ಹುಟ್ಟುವ ಮೊದಲು ಉತ್ತರ ಇಲ್ಲಿರಬೇಕು. ಇಷ್ಟೆಲ್ಲ ಓದಿ, ಬರೀ ಹೂಂ ಅಂತ ಬರೆದು ಕಳಿಸಿದೆಯೋ, ನೋಡು ಮತ್ತೆ.

ನಿನ್ನ ಮರಿಮೊಮ್ಮಗಳ ಮಗಳು,
ನೀಲಗಂಗವ್ವ