ಎದುರುಮನೆಯ ಪರದೆ

ಪುಟ್ಟಿ,

ಎದ್ದ ಮೇಲೆ ನನ್ನನ್ನು ಹುಡುಕಬೇಡ. ಎದುರುಮನೆ ಟೈಲರ್ ಹೆಂಡತಿ ತೀರಿಕೊಂಡರು, ಅಲ್ಲಿಗೆ ಹೊರಟಿದ್ದೇನೆ.

ಪತ್ತೇದಾರಿ ಕಾದಂಬರಿ ಓದಿ ಓದಿ, ಆತ ಹೆಂಡತಿಯನ್ನು ಕೊಂದಿದ್ದಾನೆ ಅಂತ ಬೀದಿಗೆಲ್ಲ ಡಂಗುರ ಸಾರಿದೆಯಲ್ಲ? ಆಕೆ ಇಷ್ಟು ದಿನ ಆ ಕಿಟಕಿ ಪರದೆಯ ಹಿಂದೆ ಹಾಸಿಗೆ ಹಿಡಿದಿದ್ದರಂತೆ. ಆತ ಬಾಗಿಲು ಹಾಕಿಕೊಂಡು ಮಿಷನ್ ತುಳಿಯುತ್ತಿದ್ದದ್ದು, ಆಕೆ ಸೊರಗಿದ ಹಾಗೆಲ್ಲ ಬಟ್ಟೆಯ ಅಳತೆ ಕಮ್ಮಿ ಮಾಡಿ ಹೊಲಿಯುವುದಕ್ಕಂತೆ.

ಹಾಲು ಕಾಯಿಸಿ ಕುಡಿ. ಬೀರುವಿನಲ್ಲಿರುವ ಬಿಳಿ ಹೊದಿಕೆ ತಗೊಂಡು ಬಾ. ಕ್ಷಮೆ ಗಿಮೆ ಅಂತ ಬಾಯಿ ಬಿಡಬೇಡ. ಆ ಸುದ್ದಿ ಹಬ್ಬಿಸಿದ್ದು ನೀನೆಂದು ಟೈಲರಿಗೆ ಗೊತ್ತಿಲ್ಲ.

ನನ್ನನ್ನು ಕರೆಯಲು ಬಂದಾಗ ಅವರೇ ಕೇಳಿದರು: "ಮಗಳೂ ಬರ್ತಾಳಲ್ವಾ? ದಿನಾ ನಮ್ಮ ಕಿಟಕಿ ನೋಡ್ತಾ ನಿಂತಿರ್ತಿದ್ಲು. ನಮ್ಮವಳು ಪರದೆ ಸಂದಿಯಿಂದ ನೋಡಿ, 'ಆ ಮಗುಗಾದ್ರೂ ನನ್ನ ಚಿಂತೆ ಇದೆ' ಅಂತ ಖುಷಿಪಡ್ತಿದ್ಲು."

ಅಮ್ಮ